ಮೊದಲು ಹೊರಬರುವ ದಾರಿ ನೋಡಿ: ಒರಿಜಿನ್ಸ್ ಗೇಮಿನಲ್ಲಿ ಸೆನುವನ್ನು ಹಾರಿಸುವ ಬಗೆ

ಅಸ್ಯಾಸಿನ್ಸ್ ಕ್ರೀಡ್ ಒರಿಜಿನ್ಸ್ ಎಂಬ ವಿಡಿಯೋ ಗೇಮಿನಲ್ಲಿ ನಮ್ಮ ಜೊತೆಗೊಂದು ಹದ್ದು ಇರುತ್ತದೆ, ಹೆಸರು ಸೆನು. ಕೀಬೋರ್ಡಿನಲ್ಲಿ ವಿ ಒತ್ತಿದರೆ ಸೆನು ಹಾರುತ್ತಾಳೆ. ಕಂಟ್ರೋಲರ್ ಇದ್ದವರು ಡಿ-ಪ್ಯಾಡಿನಲ್ಲಿ (ನಾಲ್ಕು ದಿಕ್ಕಿನ ಬಟನ್) ಮೇಲಕ್ಕೆ ಒತ್ತಬೇಕು. ಬಲ ಮೌಸ್ ಬಟನ್ ಅಥವಾ ಎಡ ಟ್ರಿಗರ್ ಹಿಡಿದುಕೊಂಡರೆ ಗಾಳಿಯಲ್ಲೇ ನಿಂತು ಕೆಳಗೆ ದಿಟ್ಟಿಸುತ್ತಾಳೆ. ಗೇಮ್ ನಿಮಗೆ ಹೇಳಿಕೊಡುವುದು ಹೆಚ್ಚುಕಡಿಮೆ ಇಷ್ಟೇ. ಇಷ್ಟಕ್ಕೇ ನಿಲ್ಲುವವರು ಸೆನುವನ್ನು ಸಿಸಿಟಿವಿ ಕ್ಯಾಮೆರಾ ಥರ ಬಳಸುತ್ತಾರೆ. ಬಂಗಾರದ ಗುರುತು ಹುಡುಕು, ಕೆಳಗಿಳಿ, ಓಡು, ಹೊಡಿ. ಆಮೇಲೆ ಕೋಟೆಯ ನಟ್ಟನಡುವೆ ಎಲ್ಲರ ಕೈಗೂ ಸಿಕ್ಕು ಸಾಯಿ.

ನನ್ನ ಅಕ್ಕನ ಮಗ ಹೀಗೇ ಆಡುತ್ತಿದ್ದ. ರಜೆಗೆ ಹುಮನಾಬಾದಿನಿಂದ ಬೀದರಿಗೆ ಬಂದರೆ ಅವನ ಠಿಕಾಣಿ ನನ್ನ ಅಂಗಡಿಯಲ್ಲೇ. ಹಳೆ ಊರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಹಗಲು ಮದುವೆ ಕಾರ್ಡು, ಜಾತಿ ಪ್ರಮಾಣಪತ್ರದ ಅರ್ಜಿ, ಆಧಾರ್ ಪ್ರಿಂಟು. ಶಟರ್ ಅರ್ಧ ಇಳಿಸಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಈ ಗೇಮಿನ ಈಜಿಪ್ಟ್. "ಮೌಶಿ, ನೇರ ಬಾಗಿಲಿಂದಾನೇ ಹೋಗ್ತೀನಿ ನೋಡ್ರಿ" ಅನ್ನುವುದು, ಎರಡು ನಿಮಿಷದಲ್ಲಿ ಸಾಯುವುದು, "ಈ ಗೇಮೇ ಸರಿ ಇಲ್ಲ" ಅನ್ನುವುದು. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಅಸ್ಯಾಸಿನ್ಸ್ ಕ್ರೀಡ್ ಒರಿಜಿನ್ಸ್ 2017ರ ಅಕ್ಟೋಬರಿನಲ್ಲಿ ಬಂತು. ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೋ ಮಾಡಿದ್ದು. ಕತೆ ಶುರುವಾಗುವುದು ಕ್ರಿ.ಪೂ. 49ರ ಸುಮಾರಿಗೆ. ಕ್ಲಿಯೋಪಾತ್ರಾಗೂ ಅವಳ ತಮ್ಮ ಹದಿಮೂರನೇ ಟಾಲೆಮಿಗೂ ಸಿಂಹಾಸನದ ಜಗಳ ನಡೆಯುತ್ತಿರುವ ಕಾಲ. ನಾವು ಆಡುವುದು ಬಾಯೆಕ್ ಆಗಿ. ಸಿವಾ ಎಂಬ ಮರುಭೂಮಿ ಊರಿನ ಮೆಜಾಯ್ ಅವನು, ಅಂದರೆ ಜನರನ್ನು ಕಾಯುವವನು. ಅವನ ಜೊತೆಗಾರ್ತಿ ಸೆನು. ಜಾತಿಯಲ್ಲಿ ಬೊನೆಲ್ಲಿ ಹದ್ದು. ಇದು ಬರೀ ಈಜಿಪ್ಟಿನ ಕಡೆಯ ಹಕ್ಕಿ ಅಂದುಕೊಳ್ಳಬೇಡಿ. ದಕ್ಷಿಣ ಯುರೋಪಿನಿಂದ ನಮ್ಮ ದೇಶದವರೆಗೂ ಇದೆ. ಕರ್ನಾಟಕದ ಬಂಡೆಗುಡ್ಡಗಳಲ್ಲೂ ಕಾಣುತ್ತದೆ. ಬಾಯೆಕ್ ಅವಳ ಜೊತೆ ಮನೆಯವಳ ಜೊತೆ ಮಾತಾಡಿದ ಹಾಗೆ ಮಾತಾಡುತ್ತಾನೆ. ಹಾಗಾಗಿ ನಾನೂ 'ಅವಳು' ಎಂದೇ ಬರೆಯುತ್ತೇನೆ.

ಹಾರಿಸುವ ಮೊದಲು ಬಾಯೆಕ್‌ನನ್ನು ಎಲ್ಲಿ ನಿಲ್ಲಿಸಿದ್ದೀರಿ ನೋಡಿ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನೀವು ಸೆನುವಿನ ಕಣ್ಣಲ್ಲಿ ನೋಡುತ್ತಿರುವಷ್ಟು ಹೊತ್ತೂ ಬಾಯೆಕ್ ಸುಮ್ನೆ ನಿಂತಿರುತ್ತಾನೆ. ಕೆಳಗಿನ ಲೋಕ ನಿಲ್ಲುವುದಿಲ್ಲ. ಗಸ್ತಿನವರು ನಡೆಯುತ್ತಲೇ ಇರುತ್ತಾರೆ, ಕತ್ತೆಕಿರುಬ ಅಡ್ಡಾಡುತ್ತಲೇ ಇರುತ್ತದೆ. ನೈಲ್ ನದಿಯ ದಂಡೆಯಲ್ಲಿ ನಿಂತು ಹದ್ದು ಹಾರಿಸಿದಿರೋ, ಮೊಸಳೆಗೆ ನೀವೇ ಊಟ ಬಡಿಸಿದ ಹಾಗೆ. ಎತ್ತರದ ಹುಲ್ಲಿನಲ್ಲಿ ಕೂತು ಹಾರಿಸಿ. ಹುಲ್ಲಿಲ್ಲದ ಕಡೆ ಯಾವುದಾದರೂ ಮಾಳಿಗೆ ಹತ್ತಿ. ಊರ ಮನೆಗಳ ಮಾಳಿಗೆ ಮೇಲೆ ಸಾಮಾನ್ಯವಾಗಿ ಯಾರೂ ನಿಮ್ಮ ತಂಟೆಗೆ ಬರುವುದಿಲ್ಲ.

ಇನ್ನು ಗುರಿ ಹುಡುಕುವುದು. ಕ್ವೆಸ್ಟಿನ, ಅಂದರೆ ಗೇಮ್ ಒಪ್ಪಿಸಿದ ಕೆಲಸದ ಜಾಗ ಹತ್ತಿರ ಬಂದಾಗ ಹದ್ದನ್ನು ಬಳಸು ಎಂದು ಪರದೆ ಮೇಲೇ ಸೂಚನೆ ಬರುತ್ತದೆ. ಸೆನು ಆಗಿ ಹಾರಿದಾಗ ಬಂಗಾರದ ಬಣ್ಣದ ವೃತ್ತ ಕಾಣುತ್ತದೆ. ಸರಿಯಾದ ದಿಕ್ಕಿಗೆ ತಿರುಗಿದಷ್ಟೂ ಅದು ಸಣ್ಣದಾಗುತ್ತದೆ. ಪೂರ್ತಿ ಸಣ್ಣದಾದಾಗ ನಿಂತು ದಿಟ್ಟಿಸಿದರೆ ಗುರಿ ಅಚ್ಚೊತ್ತಿದಂತೆ ಗುರುತಾಗುತ್ತದೆ. ಸಲೀಸು. ಇದಕ್ಕೆ ಜಾಸ್ತಿ ಹೇಳುವುದೇನಿಲ್ಲ. ಒಂದೇ ಒಂದು ಮಾತು: ತೀರಾ ಕೆಳಗೆ ಇಳಿಯಬೇಡಿ. ಎತ್ತರದಿಂದ ವೃತ್ತ ಬೇಗ ದಾರಿ ತೋರಿಸುತ್ತದೆ. ಗೋಡೆಗಳ ಮಟ್ಟಕ್ಕೆ ಇಳಿದರೆ ಯಾವ ಕೋಣೆ, ಯಾವ ಮಹಡಿ ಎಂದು ಗೊಂದಲವಾಗುತ್ತದೆ.

ನನ್ನ ಅಕ್ಕನ ಮಗ ಇಲ್ಲಿಗೆ ಹದ್ದಿನ ಕೆಲಸ ಮುಗಿಯಿತು ಅಂದುಕೊಳ್ಳುತ್ತಿದ್ದ. ನನ್ನ ಪ್ರಕಾರ ಕೆಲಸ ಶುರುವಾಗುವುದೇ ಇಲ್ಲಿ. ಗುರಿ ಸಿಕ್ಕ ಮೇಲೆ ಅದರ ಕಡೆ ನೋಡುವುದನ್ನು ಬಿಡಿ. ಕೋಟೆಯಿಂದ ಹೊರಗೆ ಬರುವ ದಾರಿ ಎಲ್ಲಿದೆ ನೋಡಿ. ಮೊದಲು ಅದು, ಆಮೇಲೆ ಒಳಗೆ ಹೋಗುವ ದಾರಿ, ಕೊನೆಗೆ ಸೈನಿಕರು. ಎಲ್ಲರೂ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಏಕೆ ಹೀಗೆ ಅಂದರೆ, ಈ ಗೇಮಿನಲ್ಲಿ ಒಳಗೆ ಹೋಗುವುದು ಕಷ್ಟವೇ ಅಲ್ಲ. ಬಾಯೆಕ್ ಯಾವ ಗೋಡೆಯನ್ನಾದರೂ ಹತ್ತುತ್ತಾನೆ, ಬಂಡೆ ಹತ್ತುತ್ತಾನೆ. ಕಷ್ಟ ಇರುವುದು ಹೊಡೆದ ಮೇಲೆ. ಯಾರೋ ಹೆಣ ನೋಡುತ್ತಾರೆ, ಕೂಗುತ್ತಾರೆ, ಒಬ್ಬ ಓಡಿಹೋಗಿ ಎಚ್ಚರಿಕೆಯ ಬೆಂಕಿ ಹಚ್ಚುತ್ತಾನೆ, ಹೊರಗಿನಿಂದ ಇನ್ನಷ್ಟು ಜನ ಬರುತ್ತಾರೆ. ಆಗ ಯಾವ ಕಡೆ ಓಡಬೇಕು ಎಂದು ಮೊದಲೇ ಗೊತ್ತಿದ್ದವನು ಉಳಿಯುತ್ತಾನೆ.

ಬೀದರ್ ಕೋಟೆಗೆ ಬಂದು ಒಮ್ಮೆ ಕಾಲಲ್ಲಿ ನಡೆದು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಊರ ಕಡೆಯಿಂದ ಬಂದರೆ ಶರ್ಜಾ ದರ್ವಾಜಾ. ಮೇಲೆ ಎರಡು ಹುಲಿಗಳ ಕೆತ್ತನೆ. ಅದನ್ನು ದಾಟಿದರೆ ಗುಂಬದ್ ದರ್ವಾಜಾ. ಒಂದು ಬಾಗಿಲು ದಾಟಿದವನಿಗೆ ಒಳಗಿನ ಬಾಗಿಲು ನೇರಕ್ಕೆ ಸಿಗುವುದಿಲ್ಲ. ದಾರಿ ತಿರುಗುತ್ತದೆ, ಎರಡೂ ಬದಿಗೆ ಎತ್ತರದ ಗೋಡೆ. ನುಗ್ಗಿ ಬಂದವನು ಆ ತಿರುವಿನಲ್ಲಿ ನಿಧಾನ ಆಗಲೇಬೇಕು. ಮೇಲೆ ನಿಂತವನಿಗೆ ಅಷ್ಟು ಸಾಕು. ಕೋಟೆಯ ಸುತ್ತ ಕಂದಕ ಇದೆಯಲ್ಲ, ಅದನ್ನು ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು ಮಾಡಿದ್ದಾರೆ. ಒಂದು ಬದಿಯಲ್ಲಂತೂ ಕಂದಕ ಮೂರು ಪದರ. ನಡುನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಕೆಳಗೆ ನಿಂತರೆ ಇದೆಲ್ಲ ಬರೀ ಕಲ್ಲು, ಮುಳ್ಳುಕಂಟಿ. ಬುರುಜು ಹತ್ತಿ ನೋಡಿದರೆ ಮಾತ್ರ ಅವರು ಏನು ಯೋಚಿಸಿ ಕಟ್ಟಿದ್ದರು ಎಂದು ಗೊತ್ತಾಗುತ್ತದೆ. ಅಕ್ಕನ ಮಗನನ್ನು ಒಂದು ಸಂಜೆ ಬುರುಜಿನ ಮೇಲೆ ನಿಲ್ಲಿಸಿ, "ಈಗ ನೀನೇ ಸೆನು. ಒಳಗಿರೋ ರಂಗೀನ್ ಮಹಲಿನಿಂದ ಹೊರಗೆ ಹೆಂಗ್ ಓಡ್ತಿ ಹೇಳು" ಅಂದೆ. ಬಹಳ ಹೊತ್ತು ನೋಡಿದ. "ಬಾಗಿಲಿಂದ ಆಗಲ್ಲ ಮೌಶಿ" ಅಂದ. ಪಾಠ ಮುಗಿಯಿತು.

ಸೆನು ಆಗಿ ಕೋಟೆಯ ಮೇಲೆ ಒಂದು ಪೂರ್ತಿ ಸುತ್ತು ಹೊಡೆಯಿರಿ. ಗೋಡೆಯ ಹೊರಗೆ ನೀರಿದೆಯಾ? ಹಾರಲು ಹುಲ್ಲಿನ ಬಣವೆ ಇದೆಯಾ? ಗೋಡೆಗೆ ಅಂಟಿಕೊಂಡ ಖರ್ಜೂರದ ಮರ ಇದೆಯಾ? ಇವುಗಳಲ್ಲಿ ಗುರಿಗೆ ಹತ್ತಿರದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೇಕಿದ್ದರೆ ನಕ್ಷೆಯಲ್ಲಿ ಅಲ್ಲೇ ಒಂದು ಗುರುತು ಹಾಕಿ. ನಕ್ಷೆ ತೆರೆದು ಜಾಗದ ಮೇಲೆ ಒತ್ತಿದರೆ ಆಯಿತು. ಗಡಿಬಿಡಿಯಲ್ಲಿ ಓಡುವಾಗ ಆ ಗುರುತು ಪರದೆ ಮೇಲೆ ತೇಲುತ್ತಿರುತ್ತದೆ, ದಿಕ್ಕು ತಪ್ಪುವುದಿಲ್ಲ.

ಈಗ ಸೈನಿಕರಿಗೆ ಬನ್ನಿ. ಸೆನು ನೋಡಿದವರೆಲ್ಲ ಗುರುತಾಗುತ್ತಾರೆ, ಗೋಡೆಯಾಚೆ ಇದ್ದರೂ ಆ ಗುರುತು ಬಾಯೆಕ್‌ಗೆ ಕಾಣುತ್ತಿರುತ್ತದೆ. ಎಲ್ಲರನ್ನೂ ಗುರುತು ಮಾಡುವ ಚಪಲ ಹತ್ತಿಕ್ಕಿ. ಪರದೆ ತುಂಬಾ ಚುಕ್ಕೆ ಆದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ನಾನು ನೋಡುವುದು ಇಷ್ಟು ಜನರನ್ನು: ಎತ್ತರದಲ್ಲಿ ನಿಂತ ಬಿಲ್ಲುಗಾರರು, ಎಚ್ಚರಿಕೆಯ ಬೆಂಕಿಕುಂಡದ ಹತ್ತಿರ ಇರುವವನು, ಆಮೇಲೆ ಕ್ಯಾಪ್ಟನ್ ಅಥವಾ ಕಮಾಂಡರ್. ಉಳಿದವರು ಹೇಗೂ ಎದುರಾಗುತ್ತಾರೆ. ತಲೆಯ ಮೇಲಿನ ಲೆವೆಲ್ ಸಂಖ್ಯೆಯನ್ನೂ ಓದಿ. ಸಂಖ್ಯೆಯ ಬದಲು ಕೆಂಪು ತಲೆಬುರುಡೆ ಕಂಡರೆ ಅವನು ನಿಮಗಿಂತ ತುಂಬಾ ಮೇಲಿನವನು. ಹೊಡೆಯಲು ಹೋಗಬೇಡಿ. ಆ ಊರಿಗೇ ಸ್ವಲ್ಪ ದಿನ ಬಿಟ್ಟು ಬನ್ನಿ.

ಬೆಂಕಿಕುಂಡದ ಬಗ್ಗೆ ಒಂದು ಮಜಾ ಇದೆ. ಅದನ್ನು ಮುಂಚೆಯೇ ಹೋಗಿ ಕೆಡಿಸಿ ಬರಬಹುದು. ಆಮೇಲೆ ಯಾವನಾದರೂ ಹಚ್ಚಲು ಓಡಿದರೆ ಅದು ಅವನ ಮುಖಕ್ಕೇ ಸಿಡಿಯುತ್ತದೆ. ಕುಂಡ ಎಲ್ಲಿದೆ ಎಂದು ಮೇಲಿನಿಂದ ನೋಡಿಕೊಳ್ಳದಿದ್ದರೆ ಈ ಮಜಾ ಸಿಗುವುದಿಲ್ಲ. ಕೆಲವು ಕೋಟೆಗಳಲ್ಲಿ ಬೋನಿನಲ್ಲಿ ಸಿಂಹವನ್ನೂ ಇಟ್ಟಿರುತ್ತಾರೆ. ಬೋನು ತೆರೆದು ನೀವು ಗೋಡೆ ಹತ್ತಿ ಕೂತರೆ ಅರ್ಧ ಕೆಲಸ ಅದೇ ಮಾಡುತ್ತದೆ. ಆ ಬೋನೂ ಮೇಲಿನಿಂದಲೇ ಮೊದಲು ಕಾಣುವುದು.

ಗಸ್ತಿನವನನ್ನು ಗುರುತು ಮಾಡಿ ಬಿಟ್ಟರೆ ಸಾಲದು, ಅವನ ಒಂದು ಸುತ್ತು ಪೂರ್ತಿ ನೋಡಿ. ನಿಂತು ನೋಡುವ ಬಟನ್ ಇರುವುದೇ ಇದಕ್ಕೆ. ಎಲ್ಲಿ ತಿರುಗುತ್ತಾನೆ, ಎಲ್ಲಿ ನಿಂತು ಬೇರೆಯವನ ಜೊತೆ ಹರಟುತ್ತಾನೆ, ಯಾವಾಗ ಗೋಡೆಯ ಕಡೆ ಬೆನ್ನು ಹಾಕುತ್ತಾನೆ. ಅಕ್ಕನ ಮಗನಿಗೆ ಈ ಭಾಗ ಬೋರ್. ನನಗೆ ಇಡೀ ಗೇಮಿನಲ್ಲಿ ಇದೇ ಇಷ್ಟ. ದಿನವಿಡೀ ಬೇರೆಯವರ ಅರ್ಜೆಂಟ್ ಕೆಲಸ ಮಾಡುವವರಿಗೆ ಯಾರ ಅರ್ಜೆಂಟೂ ಇಲ್ಲದೆ ಸುಮ್ನೆ ನೋಡುತ್ತಾ ಇರುವುದರ ಸುಖ ಗೊತ್ತು, ಅಲ್ವಾ?

ನಿಜವಾದ ಬೊನೆಲ್ಲಿ ಹದ್ದು ಸಾಮಾನ್ಯವಾಗಿ ಹೀಗೆ ಒಂದೇ ಕಡೆ ಗಾಳಿಯಲ್ಲಿ ನಿಲ್ಲುವುದಿಲ್ಲ ಎಂದು ಹಕ್ಕಿ ನೋಡುವವರು ತಕರಾರು ಮಾಡಬಹುದು. ಒಪ್ಪಿದೆ. ಹೊಲದ ಮೇಲೆ ರೆಕ್ಕೆ ಬಡಿಯುತ್ತಾ ಒಂದೇ ಜಾಗದಲ್ಲಿ ನಿಲ್ಲುವುದು ಬ್ಲ್ಯಾಕ್-ವಿಂಗ್ಡ್ ಕೈಟ್ ಎಂಬ, ಕೆಂಪು ಕಣ್ಣಿನ ಸಣ್ಣ ಬೂದು ಹಕ್ಕಿ. ದೊಡ್ಡ ಹದ್ದುಗಳು ಹೆಚ್ಚಾಗಿ ಬಿಸಿ ಗಾಳಿಯ ಮೇಲೆ ಸುತ್ತುತ್ತವೆ. ನಮ್ಮ ಅಂಗಡಿಯ ಮೇಲೆ ಮಧ್ಯಾಹ್ನ ಹದ್ದುಗಳು ಸುತ್ತುವಾಗ ನೋಡುತ್ತೇನೆ. ರೆಕ್ಕೆ ಅಲುಗುವುದೇ ಇಲ್ಲ. ಬಾಲವನ್ನು ಮಾತ್ರ ಒಂದು ಕಡೆಗೆ ಚೂರು ತಿರುಚುತ್ತವೆ, ಇಡೀ ಮೈ ಆ ಕಡೆಗೆ ವಾಲುತ್ತದೆ. ಅದೇ ಹೊತ್ತಿಗೆ ವಾಯುಪಡೆಯ ತರಬೇತಿ ವಿಮಾನ ಕಿವಿ ಕಿತ್ತು ಹೋಗುವ ಹಾಗೆ ದಾಟುತ್ತದೆ. ಬೀದರಿನವರಿಗೆ ಇದೂ ಮಾಮೂಲು. ಹದ್ದುಗಳಿಗೂ ಮಾಮೂಲು ಇರಬೇಕು.

ಸೆನುವಿನ ಕಣ್ಣು ಚುರುಕಾಗಲು ಸಿಂಕ್ ಪಾಯಿಂಟುಗಳನ್ನು ಹತ್ತಬೇಕು. ನಕ್ಷೆಯಲ್ಲಿ ಹದ್ದಿನ ಚಿಹ್ನೆ ಇರುವ ಎತ್ತರದ ಜಾಗಗಳಿವು. ಅಲೆಕ್ಸಾಂಡ್ರಿಯಾದ ದೀಪಸ್ತಂಭವೂ ಇದೆ, ಗೀಜಾದ ಪಿರಮಿಡ್ಡೂ ಇದೆ. ಒಂದೊಂದು ಹತ್ತಿದಾಗಲೂ ಸೆನುವಿನ ಗ್ರಹಿಕೆ ಸ್ವಲ್ಪ ಜಾಸ್ತಿಯಾಗುತ್ತದೆ. ಇನ್ನಷ್ಟು ದೂರದಿಂದಲೇ ಗುರುತು ಬೀಳುತ್ತವೆ. ಜೊತೆಗೆ ನಕ್ಷೆಯಿಂದಲೇ ಬಾಯೆಕ್‌ನನ್ನು ಆ ಜಾಗಕ್ಕೆ ಒಮ್ಮೆಗೇ ಕಳಿಸುವ ಅನುಕೂಲವೂ ಸಿಗುತ್ತದೆ. ಹಾಗಾಗಿ ಹೊಸ ಪ್ರಾಂತ್ಯಕ್ಕೆ ಕಾಲಿಟ್ಟ ಕೂಡಲೇ ಬೇರೆ ಕೆಲಸ ಬಿಟ್ಟು ಇದನ್ನೇ ಮಾಡಿ. ಸ್ಕಿಲ್‌ಗಳ ಪೈಕಿ ಎರಡು ಬೇಗ ತಗೊಳ್ಳಿ. ಒಂದು, ಸೆನು ಶತ್ರುವಿನ ಮೇಲೆ ಎರಗಿ ಅವನ ಗಮನ ಕೆಡಿಸುವುದು. ಇನ್ನೊಂದು, ಡಾನ್ ಅಂಡ್ ಡಸ್ಕ್. ಅದರಿಂದ ಹಗಲನ್ನು ರಾತ್ರಿ ಮಾಡಬಹುದು, ರಾತ್ರಿಯನ್ನು ಹಗಲು. ರಾತ್ರಿಯಲ್ಲಿ ಕಾವಲಿನವರು ಕೆಲವರು ಮಲಗಿರುತ್ತಾರೆ. ಹಗಲಲ್ಲಿ ಹದ್ದು ಹಾರಿಸಿ ಜಾಗ ಕಲಿಯಿರಿ. ಆಮೇಲೆ ರಾತ್ರಿ ಮಾಡಿ ಇನ್ನೊಮ್ಮೆ ಹಾರಿಸಿ, ಯಾರು ಮಲಗಿದ್ದಾರೆ ನೋಡಿ. ಆಮೇಲೆ ಇಳಿಯಿರಿ.

ಇದನ್ನೆಲ್ಲ ಅಭ್ಯಾಸ ಮಾಡಲು ಸಿವಾದ ಅಮುನ್ ದೇಗುಲಕ್ಕಿಂತ ಒಳ್ಳೆ ಜಾಗ ಇಲ್ಲ. ಗೇಮಿನ ಆರಂಭದಲ್ಲೇ ಬರುತ್ತದೆ. ಮೆದುನಮುನ್ ಎಂಬ ಕೇಡಿ ಪೂಜಾರಿ ಅಲ್ಲಿದ್ದಾನೆ. ದೇಗುಲ ಎತ್ತರದ ಬಂಡೆಯ ಮೇಲಿದೆ. ಮುಂದಿನಿಂದ ನೋಡಿದರೆ ಮೆಟ್ಟಿಲು, ಬಾಗಿಲು, ಕಾವಲು. ಬಹಳ ಜನ ಅದನ್ನೇ ದಾರಿ ಅಂದುಕೊಳ್ಳುತ್ತಾರೆ. ಸೆನುವನ್ನು ಬಂಡೆಯ ಸುತ್ತ ಒಯ್ಯಿರಿ. ಬಂಡೆಯ ಬದಿಗಳಲ್ಲಿ ಕಾವಲು ಎಷ್ಟು ತೆಳು ಎಂದು ಅಳೆಯಿರಿ. ಹತ್ತುವ ಬದಿ ಒಂದು, ಇಳಿಯುವ ಬದಿ ಇನ್ನೊಂದು ಎಂದು ನಿಶ್ಚಯ ಮಾಡಿಕೊಂಡು ಹೋಗಿ. ಗೇಮ್ ಕಷ್ಟದ ಮಟ್ಟದಲ್ಲಿದ್ದರೂ ಕತ್ತಿ ಜಾಸ್ತಿ ಎತ್ತಬೇಕಾಗಿ ಬರುವುದಿಲ್ಲ.

ಗೋರಿಗಳ ಒಳಗೆ, ಗುಹೆಯೊಳಗೆ ಸೆನು ಬರುವುದಿಲ್ಲ. ಅಲ್ಲಿ ಪಂಜು ಹಿಡಿದು ನೀವೇ ನೋಡಿಕೊಳ್ಳಬೇಕು.

ಬೇಟೆಗೆ ಮತ್ತು ಸಾಮಾನು ಕೂಡಿಸಲು ಅವಳು ತುಂಬಾ ಉಪಯೋಗ. ಎದೆಗವಚ, ಬತ್ತಳಿಕೆ, ಗುಪ್ತ ಕತ್ತಿ ಇವನ್ನೆಲ್ಲ ಗಟ್ಟಿ ಮಾಡಲು ಚರ್ಮ, ತುಪ್ಪಳ, ಮರ, ಕಂಚು, ಕಬ್ಬಿಣ ಬೇಕು. ಮೆತ್ತನೆ ಚರ್ಮ ಜಿಂಕೆ ಜಾತಿಯವುಗಳಿಂದ. ಗಟ್ಟಿ ಚರ್ಮ ಮೊಸಳೆ, ನೀರಾನೆಗಳಿಂದ. ತುಪ್ಪಳಕ್ಕೆ ಕತ್ತೆಕಿರುಬ. ಕಂಚು, ಕಬ್ಬಿಣ, ಮರ ಸಾಗಿಸುವ ಗಾಡಿ, ಕುದುರೆಗಳು ರಸ್ತೆಯಲ್ಲೇ ಹೋಗುತ್ತಿರುತ್ತವೆ. ಮೇಲಿನಿಂದ ನೋಡಿದರೆ ಯಾವುದರಲ್ಲಿ ಏನಿದೆ ಎಂದು ಚಿಹ್ನೆ ತೋರಿಸುತ್ತದೆ. ಇದಕ್ಕೆಂದೇ ಬೇರೆ ಹೊತ್ತು ಇಡಬೇಡಿ. ಒಂದು ಉಪಾಯ ಹೇಳುತ್ತೇನೆ. ದೂರದ ಊರಿಗೆ ಹೋಗುವಾಗ ನಕ್ಷೆಯಲ್ಲಿ ಗುರುತು ಹಾಕಿ, ಒಂಟೆ ಹತ್ತಿ, ತಾನಾಗಿಯೇ ದಾರಿ ಹಿಡಿದು ಹೋಗುವಂತೆ ಬಟನ್ ಒತ್ತಿಹಿಡಿಯಿರಿ. ಒಂಟೆ ಅದರ ಪಾಡಿಗೆ ಹೋಗುತ್ತಿರುತ್ತದೆ. ನೀವು ಸೆನು ಆಗಿ ಮೇಲೆ ಹಾರುತ್ತಾ ಸುತ್ತಲಿನದ್ದನ್ನೆಲ್ಲ ನೋಡಿಕೊಳ್ಳಿ. ಒಗಟಿನ ಪಪೈರಸ್ ಸುರುಳಿಗಳು ಸಿಕ್ಕಿದ್ದರೆ ಅದರಲ್ಲಿ ಹೇಳಿದ ಕೆರೆ, ಗುಡ್ಡ, ಮೂರ್ತಿಗಳನ್ನು ಹುಡುಕಲೂ ಇದೇ ಹೊತ್ತು ಸರಿ.

ಫೈಲಾಕೆಸ್ ಎಂಬ ಹತ್ತು ಜನ ಬೇಟೆಗಾರರು ಬಾಯೆಕ್‌ನನ್ನು ಹುಡುಕಿಕೊಂಡು ಅಡ್ಡಾಡುತ್ತಾರೆ. ಕುದುರೆ ಮೇಲೆ ರಸ್ತೆಯಲ್ಲೇ ಎದುರಾಗುತ್ತಾರೆ, ಭಾಳ ಗಟ್ಟಿ ಕುಳಗಳು. ಒಂಟೆಯನ್ನು ತಾನಾಗಿ ಬಿಟ್ಟಿರುವಾಗ ಇವರ ಮೇಲೂ ಒಂದು ಕಣ್ಣಿಡಿ.

ಕಂಪ್ಯೂಟರಿನ ವಿಚಾರ ನನ್ನ ಕಸುಬು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಸೆನು ವೇಗವಾಗಿ ಹಾರಿದಾಗ ಹೊಸ ಹೊಸ ಜಾಗ ಲೋಡ್ ಆಗಬೇಕು. ಹಳೆ ಹಾರ್ಡ್ ಡಿಸ್ಕಿನಲ್ಲಿ ಗೇಮ್ ಹಾಕಿದ್ದರೆ ಮನೆಗಳು ಮೊದಲು ಮಣ್ಣಿನ ಮುದ್ದೆ ಥರ ಕಂಡು ಆಮೇಲೆ ಬಾಗಿಲು, ಕಿಟಕಿ ಬರುತ್ತವೆ. ಎಸ್‌ಎಸ್‌ಡಿಗೆ ಹಾಕಿ, ಕಣ್ಣಿಗೆ ಸುಖ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ನೆರಳನ್ನು ಒಂದು ಹಂತ ಇಳಿಸಿದರೆ ಸಾಧಾರಣ ಕಾರ್ಡಿನಲ್ಲೂ ಹಾರಾಟ ಜರ್ಕ್ ಹೊಡೆಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ದೊಡ್ಡ ಕೋಟೆಗೆ ಇಳಿಯುವ ಮೊದಲು ಮೆನುವಿನಲ್ಲಿ ಸೇವ್ ಮಾಡಿ. ಯುಪಿಎಸ್ ಕೂಗಲು ಶುರುವಾದ ಮೇಲೆ ಮಾಡುತ್ತೇನೆ ಅಂದರೆ ಆಗುವ ಮಾತಲ್ಲ.

ಇದೇ ಸರಣಿಯ ಮುಂದಿನ ಗೇಮುಗಳಿಗೂ ಈ ಕ್ರಮ ನಡೆಯುತ್ತದೆಯಾ ಎಂದು ಕೇಳಿದರೆ, ಬಹುಪಾಲು ನಡೆಯುತ್ತದೆ. 2018ರ ಒಡಿಸ್ಸಿಯಲ್ಲಿ ಗ್ರೀಸಿನ ಕತೆ, ಹದ್ದಿನ ಹೆಸರು ಇಕಾರೋಸ್. ಅಲ್ಲಿ ಎಕ್ಸ್‌ಪ್ಲೊರೇಶನ್ ಮೋಡ್ ಆರಿಸಿಕೊಳ್ಳಿ. ಗುರಿಯನ್ನು ನಕ್ಷೆಯಲ್ಲಿ ತೋರಿಸುವುದಿಲ್ಲ. ಇಂಥ ಊರಿನ ಪಶ್ಚಿಮಕ್ಕೆ, ಇಂಥ ನದಿಯ ಹತ್ತಿರ ಎಂದು ಸುಳಿವು ಮಾತ್ರ ಕೊಡುತ್ತದೆ. ಹತ್ತಿರ ಹೋಗಿ ಹದ್ದು ಹಾರಿಸಿ ನೀವೇ ಹುಡುಕಬೇಕು. ಹದ್ದಿಗೆ ನಿಜವಾದ ಕೆಲಸ ಸಿಗುವುದು ಹಾಗೆ ಆಡಿದಾಗಲೇ. 2020ರ ವಲ್ಹಾಲ್ಲಾದಲ್ಲಿ ಹದ್ದಿನ ಬದಲು ಸಿನಿನ್ ಎಂಬ ಕಾಡುಕಾಗೆ. ನೋಡಲು ಚೆಂದ, ಆದರೆ ಸೆನು ಮಾಡುವಷ್ಟು ಕೆಲಸ ಅದರಿಂದ ಆಗುವುದಿಲ್ಲ. ನನಗಂತೂ ಬೇಜಾರಾಯಿತು.

2023ರ ಮಿರಾಜ್‌ನಲ್ಲಿ ಕ್ರಮ ಬದಲಾಗುತ್ತದೆ. ಒಂಬತ್ತನೇ ಶತಮಾನದ ಬಾಗ್ದಾದ್, ಬಾಸಿಮ್ ಎಂಬ ಹುಡುಗ, ಎನ್ಕಿದು ಎಂಬ ಹದ್ದು. ಬಿಗಿ ಕಾವಲಿನ ಜಾಗಗಳಲ್ಲಿ ಗುರಿಕಾರ ಬಿಲ್ಲುಗಾರನೊಬ್ಬ ಇರುತ್ತಾನೆ. ಅವನು ಕೆಳಗಿನಿಂದ ಹದ್ದಿಗೇ ಬಾಣ ಬಿಡುತ್ತಾನೆ, ಎನ್ಕಿದು ಅಲ್ಲಿ ನಿಲ್ಲಲಾಗದೆ ವಾಪಸ್ ಬರುತ್ತದೆ. ಅಂಥ ಕಡೆ ಹದ್ದಿನ ನೋಟ ಇಲ್ಲದೆಯೇ, ಗೋಡೆಯ ನೆರಳು ಹಿಡಿದು ಒಳಗೆ ನುಸುಳಿ. ಆ ಒಬ್ಬನನ್ನು ಮುಗಿಸಿ. ಮತ್ತೆ ಹೊರಗೆ ಬಂದು, ಒಳ್ಳೆ ಜಾಗ ನೋಡಿ ಕೂತು, ಆಗ ಎನ್ಕಿದುವನ್ನು ಹಾರಿಸಿ.